ನೌಕರಿಯಲ್ಲಿದ್ದುಕೊಂಡೇ ದೇಶ ನೋಡಿದ ಬಗೆ

ನಾನು ಮೈಸೂರಿನಲ್ಲಿ ಸರ್ಕಾರಿ ಸ್ವಾಮ್ಯದ ಬ್ಯಾಂಕೊಂದರ ಶಾಖೆಯಲ್ಲಿ ಅಧಿಕಾರಿಯಾಗಿದ್ದೇನೆ. ಬೆಳಿಗ್ಗೆ ಸ್ಟ್ರಾಂಗ್ ರೂಮ್ ತೆರೆಯುವುದರಿಂದ ಹಿಡಿದು ಸಂಜೆ ದಿನದ ಲೆಕ್ಕ ತಾಳೆಯಾಗುವವರೆಗೆ ಶಾಖೆಯಲ್ಲಿ ಇರಲೇಬೇಕಾದ ಕೆಲಸ ನನ್ನದು. ಹಾಗಿದ್ದೂ ಹಲವು ವರ್ಷಗಳಿಂದ ವರ್ಷಕ್ಕೊಮ್ಮೆಯಾದರೂ ಹೊರದೇಶಕ್ಕೆ ಹೋಗಿ ಬರುತ್ತಿದ್ದೇನೆ. ಪರಿಚಿತರು ಮೊದಲು ಕೇಳುವುದು ದುಡ್ಡಿನ ವಿಷಯ. ನಿಜಕ್ಕೂ ಹೊಂದಿಸಬೇಕಾದದ್ದು ರಜೆ. ನಮಗಿರುವ ರಜೆ ಕಡಿಮೆಯೇನೂ ಅಲ್ಲ. ಮದುವೆ, ಗೃಹಪ್ರವೇಶ, ಊರ ಜಾತ್ರೆಗಳಿಗೆ ಅದನ್ನು ಒಂದೊಂದೇ ದಿನವಾಗಿ ಖರ್ಚು ಮಾಡಿ, ಉಳಿದದ್ದನ್ನು ನಿವೃತ್ತಿಯ ವೇಳೆಗೆ ನಗದಾಗಲಿ ಎಂದು ಕೂಡಿಡುತ್ತಾ ಹೋಗುತ್ತೇವೆ. ಕೂಡಿಡುವುದಕ್ಕೂ ಒಂದು ಮಿತಿ ಇದೆ ಎಂಬುದು ಮಿತಿ ತಲುಪಿದ ಮೇಲಷ್ಟೇ ನೆನಪಾಗುತ್ತದೆ.

ಬ್ಯಾಂಕ್ ನೌಕರರಿಗೆ ವರ್ಷಕ್ಕೆ ಹನ್ನೆರಡು ಸಾಂದರ್ಭಿಕ ರಜೆಗಳಿವೆ. ಇವನ್ನು ನಾನು ಮನೆಯ ಕೆಲಸಗಳಿಗೇ ಮೀಸಲಿಡುತ್ತೇನೆ. ಪ್ರಯಾಣಕ್ಕೆ ಬಳಸುವುದು ಹನ್ನೊಂದು ದಿನಗಳ ಸೇವೆಗೆ ಒಂದು ದಿನದಂತೆ ಜಮೆಯಾಗುವ ಗಳಿಕೆ ರಜೆ, ಅಂದರೆ ಪಿ.ಎಲ್. ಅನ್ನು ಮಾತ್ರ. ಪಿ.ಎಲ್.ನ ಹಿಂದೆ ಮುಂದೆ ಬರುವ ಭಾನುವಾರ ಮತ್ತು ಸಾರ್ವಜನಿಕ ರಜೆಗಳು ಲೆಕ್ಕಕ್ಕೆ ಬರುವುದಿಲ್ಲ, ನಡುವೆ ಬಂದವು ಮಾತ್ರ ಬರುತ್ತವೆ. 2015ರ ಸೆಪ್ಟೆಂಬರ್‌ನಿಂದ ಎರಡನೆಯ ಮತ್ತು ನಾಲ್ಕನೆಯ ಶನಿವಾರಗಳಂದು ಬ್ಯಾಂಕುಗಳಿಗೆ ಬಿಡುವು ಇರುವುದರಿಂದ, ಮೂರನೆಯ ಶನಿವಾರ ಸಂಜೆ ಹೊರಟು ನಾಲ್ಕನೆಯ ಶನಿವಾರದ ಮರುದಿನ ಮರಳಿದರೆ ಐದೇ ಪಿ.ಎಲ್.ಗೆ ಎಂಟು ದಿನಗಳು ಕೈಗೆ ಸಿಗುತ್ತವೆ. ಯುರೋಪಿನಂತಹ ದೂರದ ಊರಿಗಾದರೆ ಎರಡನೆಯ ಶನಿವಾರವೇ ಹೊರಡಬೇಕು. ಆಗ ಹನ್ನೆರಡು ಪಿ.ಎಲ್.ಗೆ ಹದಿನಾರು ದಿನಗಳಾಗುತ್ತವೆ. ಡಿಸೆಂಬರ್‌ನಲ್ಲಿ ಮುಂದಿನ ವರ್ಷದ ರಜಾದಿನಗಳ ಪಟ್ಟಿ ಕೈಗೆ ಬಂದ ಕೂಡಲೇ ನಾನು ಮಾಡುವ ಮೊದಲ ಕೆಲಸ ಈ ಲೆಕ್ಕವೇ.

ಆದರೆ ರಜೆ ನಿಯಮದಲ್ಲಿದ್ದ ಮಾತ್ರಕ್ಕೆ ಮಂಜೂರಾಗುವುದಿಲ್ಲ. ನನ್ನ ಕುರ್ಚಿಯ ಕೆಲಸವನ್ನು ಇನ್ನೊಬ್ಬರು ಹೊರಬೇಕು. ಮಾರ್ಚ್ ತಿಂಗಳನ್ನಂತೂ ಕೇಳುವಂತೆಯೇ ಇಲ್ಲ, ತ್ರೈಮಾಸಿಕ ಲೆಕ್ಕ ಮುಗಿಯುವ ಜೂನ್, ಸೆಪ್ಟೆಂಬರ್, ಡಿಸೆಂಬರ್‌ಗಳ ಕೊನೆಯ ವಾರಗಳನ್ನೂ ಕೇಳಬಾರದು. ಶಾಲೆಗೆ ಹೋಗುವ ಮಕ್ಕಳಿರುವ ಸಹೋದ್ಯೋಗಿಗಳಿಗೆ ಬೇಸಿಗೆ ರಜೆ ಮತ್ತು ದಸರಾ ರಜೆಯ ವಾರಗಳನ್ನು ಬಿಟ್ಟುಕೊಡುವುದು ನ್ಯಾಯ. ಹಾಗಾಗಿ ನನಗೆ ಉಳಿಯುವುದು ಫೆಬ್ರವರಿಯ ಮೊದಲರ್ಧ, ಜುಲೈ, ಆಗಸ್ಟ್ ಮತ್ತು ನವೆಂಬರ್. ಈ ತಿಂಗಳುಗಳಲ್ಲಿ ಕೆಲವು ಊರುಗಳಿಗೆ ವಿಮಾನದ ದರವೂ ಇಳಿದಿರುತ್ತದೆ. ಬೇರೆಯವರು ರಜೆ ಹೋದಾಗ ಅವರ ಕೆಲಸವನ್ನು ಗೊಣಗದೆ ಮಾಡುತ್ತೇನೆ. ನಾನು ಹೊರಡುವಾಗ ಬಾಕಿ ಸಾಲದ ಅರ್ಜಿಗಳ ಸ್ಥಿತಿಯನ್ನು ಒಂದು ಹಾಳೆಯಲ್ಲಿ ಬರೆದಿಟ್ಟು, ಕೀಲಿ ಹಸ್ತಾಂತರವನ್ನು ರಿಜಿಸ್ಟರಿನಲ್ಲಿ ದಾಖಲಿಸಿಯೇ ಹೊರಡುತ್ತೇನೆ. ನನ್ನ ರಜೆಯ ಅರ್ಜಿಗೆ ವ್ಯವಸ್ಥಾಪಕರು ತಡಮಾಡದೆ ಸಹಿ ಹಾಕುವುದರ ಹಿಂದೆ ಇರುವುದು ಇದೇ ಎಂದು ನನ್ನ ದೃಢ ನಂಬಿಕೆ.

ಹಣಕಾಸಿನ ಅಪಾಯ ಹೆಚ್ಚಿರುವ ಸೂಕ್ಷ್ಮ ಹುದ್ದೆಗಳಲ್ಲಿರುವವರಿಗೆ ರಿಸರ್ವ್ ಬ್ಯಾಂಕಿನ ಆದೇಶದಂತೆ ವರ್ಷಕ್ಕೊಮ್ಮೆ ಕನಿಷ್ಠ ಹತ್ತು ಕೆಲಸದ ದಿನಗಳ ಕಡ್ಡಾಯ ರಜೆ ಇದೆಯಾದರೂ, ಅದನ್ನು ಮುನ್ಸೂಚನೆ ಇಲ್ಲದೆ ಕೊಡಬೇಕೆಂಬುದೇ ಆ ನಿಯಮದ ಷರತ್ತು. ಅದನ್ನು ನಂಬಿ ವೀಸಾ, ಟಿಕೆಟ್ ಮಾಡಿಸಲಾಗದು. ಅಂತಹ ರಜೆ ಬಂದರೆ ವೀಸಾ ಬೇಕಿಲ್ಲದ ನೇಪಾಳ ನಮಗಿದೆ. ಇನ್ನು, ಖಾಸಗಿ ವಿದೇಶ ಪ್ರಯಾಣಕ್ಕೆ ಮೇಲಿನ ಕಚೇರಿಯ ಅನುಮತಿ ಬೇಕು. ದೇಶ, ದಿನಾಂಕ, ಖರ್ಚಿನ ಮೂಲ ಇವಿಷ್ಟನ್ನು ಸ್ಪಷ್ಟವಾಗಿ ಬರೆದು ಬಹಳ ಮುಂಚೆಯೇ ಕಳಿಸಬೇಕು. ಅನುಮತಿ ಬರುವ ಮೊದಲು ರದ್ದುಪಡಿಸಲಾಗದ ಟಿಕೆಟನ್ನು ನಾನು ಕೊಳ್ಳುವುದಿಲ್ಲ.

ವೀಸಾದ ವಿಷಯದಲ್ಲಿ ನೌಕರಿ ಅಡ್ಡಿಯಲ್ಲ, ಅದೇ ದೊಡ್ಡ ಆಸರೆ. ವೀಸಾ ಅಧಿಕಾರಿ ಮುಖ್ಯವಾಗಿ ತಿಳಿಯಬಯಸುವುದು ಈ ಮನುಷ್ಯ ಹಿಂದಿರುಗುತ್ತಾನೆಯೇ ಎಂಬುದನ್ನು. ರಜೆ ಮಂಜೂರಾತಿ ಪತ್ರ, ಸಂಬಳದ ಚೀಟಿಗಳು, ಆದಾಯ ತೆರಿಗೆ ವಿವರಗಳು ಒಟ್ಟಿಗೆ ಅದಕ್ಕೆ ಉತ್ತರ ಹೇಳುತ್ತವೆ. ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಲ್ಲುವ ಷೆಂಗೆನ್ ವೀಸಾಗೆ ಪ್ರಯಾಣದ ಆರು ತಿಂಗಳ ಮೊದಲಿನಿಂದಲೇ ಅರ್ಜಿ ಹಾಕಬಹುದು. ಶುಲ್ಕ 2024ರ ಜೂನ್‌ನಿಂದ 90 ಯೂರೋ, ಜೊತೆಗೆ ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಅದೇ ವರ್ಷದ ಏಪ್ರಿಲ್‌ನಲ್ಲಿ ಐರೋಪ್ಯ ಒಕ್ಕೂಟವು ಭಾರತದಲ್ಲಿ ನೆಲೆಸಿರುವ ಭಾರತೀಯರಿಗಾಗಿ ಒಂದು ಅನುಕೂಲ ಮಾಡಿದೆ: ಹಿಂದಿನ ಮೂರು ವರ್ಷಗಳಲ್ಲಿ ಎರಡು ವೀಸಾಗಳನ್ನು ನಿಯಮಬದ್ಧವಾಗಿ ಬಳಸಿದವರಿಗೆ ಎರಡು ವರ್ಷಗಳ, ಆಮೇಲೆ ಐದು ವರ್ಷಗಳ ಬಹುಪ್ರವೇಶ ವೀಸಾ ಸಿಗಬಹುದು. ಒಮ್ಮೆಗೆ ಒಂದೆರಡು ವಾರವಷ್ಟೇ ಹೋಗಬಲ್ಲ ನೌಕರರಿಗೆ ಇದರಷ್ಟು ಉಪಯುಕ್ತವಾದ ನಿಯಮ ಇನ್ನೊಂದಿಲ್ಲ.

ಹಣಕ್ಕೆ ನನ್ನ ದಾರಿ ಆರ್.ಡಿ., ಅಂದರೆ ತಿಂಗಳು ತಿಂಗಳು ಕಟ್ಟುವ ಠೇವಣಿ. ಸಂಬಳ ಬಂದ ದಿನವೇ ಪ್ರಯಾಣದ ಖಾತೆಗೆ ಹಣ ಹೋಗುತ್ತದೆ, ಅದು ಎಷ್ಟಾಗಿದೆಯೋ ಅಷ್ಟರಲ್ಲಿ ಊರು ಆರಿಸುತ್ತೇನೆ, ಪ್ರವಾಸಕ್ಕೆಂದು ಸಾಲ ಮಾಡುವುದಿಲ್ಲ. ದೇಶದೊಳಗಿನ ರಜೆ ಪ್ರಯಾಣದ ಖರ್ಚನ್ನು ಬ್ಯಾಂಕು ಭರಿಸುವ ಎಲ್.ಎಫ್.ಸಿ. ಸೌಲಭ್ಯವನ್ನು ಇದಕ್ಕೆ ಎಣಿಸಬಾರದು. ವಿದೇಶವನ್ನು ಸುತ್ತಿಕೊಂಡು ಹೋಗುವ ಪ್ರಯಾಣಕ್ಕೆ ತೆರಿಗೆ ವಿನಾಯಿತಿ ಇಲ್ಲವೆಂದು ಸುಪ್ರೀಂ ಕೋರ್ಟ್ 2022ರ ನವೆಂಬರ್‌ನಲ್ಲಿ ತೀರ್ಪು ನೀಡಿದೆ. ಹೊರದೇಶದಲ್ಲಿ ಕಾರ್ಡ್ ಉಜ್ಜುವಾಗ ಯಂತ್ರವು ರೂಪಾಯಿಯೋ ಸ್ಥಳೀಯ ಹಣವೋ ಎಂದು ಕೇಳಿದರೆ ಸ್ಥಳೀಯ ಹಣವನ್ನೇ ಆರಿಸಬೇಕು. ರೂಪಾಯಿ ಎಂದರೆ ವಿನಿಮಯ ದರದಲ್ಲಿ ಹೆಚ್ಚು ತೆರಬೇಕಾಗುತ್ತದೆ.

ಒಂದು ವಾರದಲ್ಲಿ ಏನು ನೋಡಲು ಸಾಧ್ಯ ಎಂಬ ಸಂದೇಹಕ್ಕೆ ನಾನು ಕಾಂಬೋಡಿಯಾದ ಉದಾಹರಣೆ ಕೊಡುತ್ತೇನೆ. ಕಂಪನಿಗಳ ಪ್ಯಾಕೇಜುಗಳಲ್ಲಿ ಒಂದೇ ವಾರಕ್ಕೆ ಮೂರು ದೇಶಗಳಿರುತ್ತವೆ. ಅದರಲ್ಲಿ ವಾರದ ಅರ್ಧ ವಿಮಾನ ನಿಲ್ದಾಣಗಳಲ್ಲೇ ಕಳೆಯುತ್ತದೆ. ಒಮ್ಮೆಗೆ ಒಂದೇ ಊರು ಎಂಬುದು ನನ್ನ ನಿಯಮ. ಅಲ್ಲಿ ನಾನು ಉಳಿದದ್ದು ಅಂಗ್‌ಕೋರ್‌ನ ಪ್ರಾಚೀನ ದೇವಾಲಯಗಳಿಗೆ ಹತ್ತಿರದ ಸಿಯಾಮ್ ರೀಪ್ ಒಂದರಲ್ಲೇ. ಅಂಗ್‌ಕೋರ್‌ನ ಮೂರು ದಿನಗಳ ಪ್ರವೇಶ ಪತ್ರಕ್ಕೆ 62 ಡಾಲರ್. ಅದನ್ನು ಹತ್ತು ದಿನಗಳೊಳಗೆ ಯಾವ ಮೂರು ದಿನಗಳಲ್ಲಾದರೂ ಬಳಸಬಹುದಾದ್ದರಿಂದ ದಿನ ಬಿಟ್ಟು ದಿನ ಹೋಗಿ, ನಡುವಿನ ದಿನಗಳಲ್ಲಿ ಊರಿನ ಮಾರುಕಟ್ಟೆಯನ್ನೂ ಟೊನ್ಲೆ ಸಾಪ್ ಸರೋವರವನ್ನೂ ನೋಡಿದೆ. ಅಂಗ್‌ಕೋರ್ ವಾಟ್ ಪಶ್ಚಿಮಾಭಿಮುಖವಾದ ವಿಷ್ಣು ದೇವಾಲಯ. ಪೂರ್ವದ ಮೊಗಸಾಲೆಯ ಗೋಡೆಯಲ್ಲಿರುವ ಸಮುದ್ರಮಂಥನವನ್ನು ಬೆಳಗಿನ ಬೆಳಕಿನಲ್ಲೂ, ಪಶ್ಚಿಮದ ಮೊಗಸಾಲೆಯ ಕುರುಕ್ಷೇತ್ರ ಯುದ್ಧವನ್ನು ಇಳಿಹೊತ್ತಿನ ಬಿಸಿಲಿನಲ್ಲೂ ನೋಡಬೇಕು. ಬೆಳಕು ಓರೆಯಾಗಿ ಬಿದ್ದಾಗ ಮಾತ್ರ ಆ ತೆಳುವಾದ ಉಬ್ಬುಶಿಲ್ಪಗಳ ರೇಖೆಗಳು ಪೂರ್ತಿ ಕಾಣುತ್ತವೆ. ಶರಶಯ್ಯೆಯ ಭೀಷ್ಮನನ್ನು ಅಲ್ಲಿ ಗುರುತಿಸಲು ಕನ್ನಡಿಗರಿಗೆ ಯಾವ ಮಾರ್ಗದರ್ಶಿಯೂ ಬೇಕಾಗುವುದಿಲ್ಲ.

ಆ ದೇವಾಲಯವನ್ನು ಕಟ್ಟಿಸಿದ ಎರಡನೆಯ ಸೂರ್ಯವರ್ಮ ಪಟ್ಟಕ್ಕೆ ಬಂದದ್ದು 1113ರಲ್ಲಿ. ನಮ್ಮ ವಿಷ್ಣುವರ್ಧನ ಬೇಲೂರಿನಲ್ಲಿ ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದ್ದು 1117ರಲ್ಲಿ. ಅಲ್ಲಿ ಮರಳುಗಲ್ಲು, ಇಲ್ಲಿ ಬಳಪದ ಕಲ್ಲು. ಬೇಲೂರಿನ ಸೂಕ್ಷ್ಮ ಕೆತ್ತನೆಗೆ ಹತ್ತಿರವಾದದ್ದನ್ನು ನಾನು ಕಂಡದ್ದು ಅಂಗ್‌ಕೋರ್ ವಾಟ್‌ನಲ್ಲಲ್ಲ, ಅದಕ್ಕಿಂತ ಹಳೆಯದಾದ, 967ರಲ್ಲಿ ಪ್ರತಿಷ್ಠೆಗೊಂಡ ಬಾಂತೇಯ್ ಸ್ರೇಯ್ ಎಂಬ ಪುಟ್ಟ ಶಿವಾಲಯದಲ್ಲಿ. ಊರಿನಿಂದ ದೂರವಿರುವ ಅದಕ್ಕೆಂದು ಅರ್ಧ ದಿನವನ್ನೇ ಎತ್ತಿಡಲು ಸಾಧ್ಯವಾದದ್ದು ಬೇರೆ ಯಾವ ಊರಿಗೂ ಓಡುವ ಆತುರವಿಲ್ಲದ್ದರಿಂದ. ದೇಶಗಳ ಎಣಿಕೆ ಹೆಚ್ಚಿಸಿಕೊಳ್ಳುವವರ ಬಗ್ಗೆ ನನ್ನ ತಕರಾರಿಲ್ಲ. ರಜೆಯ ಒಂದೊಂದು ದಿನವನ್ನೂ ದುಡಿದು ಗಳಿಸಿದ ನಾನು ಮಾತ್ರ ಅದನ್ನು ಹಾಗೆ ಖರ್ಚು ಮಾಡಲಾರೆ.

ಮರಳುವ ವಿಮಾನವನ್ನು ಸಾಧ್ಯವಾದಷ್ಟೂ ಶನಿವಾರ ರಾತ್ರಿಗೇ ನೋಡಿಕೊಳ್ಳುತ್ತೇನೆ. ದೇವನಹಳ್ಳಿಯಿಂದ ಮೈಸೂರಿಗೆ ಕೆ.ಎಸ್.ಆರ್.ಟಿ.ಸಿ.ಯ ಫ್ಲೈಬಸ್ ಇರುವುದರಿಂದ ಭಾನುವಾರ ಪೂರ್ತಿ ಮನೆಯಲ್ಲಿದ್ದು, ಸೋಮವಾರ ನಿದ್ದೆಗಣ್ಣಿಲ್ಲದೆ ಶಾಖೆಗೆ ಹೋಗಬಹುದು. ಮುಂದಿನ ಬಾರಿಗೆ ಉಜ್ಬೇಕಿಸ್ತಾನದ ಸಮರ್‌ಕಂದ್ ಎಂದು ಇಟ್ಟುಕೊಂಡಿದ್ದೇನೆ: ಖಗೋಳಜ್ಞನೂ ಆಗಿದ್ದ ದೊರೆ ಉಲುಘ್ ಬೇಗ್ ಹದಿನೈದನೆಯ ಶತಮಾನದಲ್ಲಿ ಕಟ್ಟಿಸಿದ ವೀಕ್ಷಣಾಲಯದ ಅವಶೇಷಗಳು ಅಲ್ಲಿವೆ, ತಾಷ್ಕೆಂಟಿನಿಂದ ವೇಗದ ರೈಲಿನಲ್ಲಿ ಎರಡು ಗಂಟೆಗಳ ಹಾದಿ. ವಾರ್ಷಿಕ ಲೆಕ್ಕ ಮುಗಿದ ಮೇಲಿನ ಏಪ್ರಿಲ್ ಅಲ್ಲಿಗೆ ಹಿತವಾದ ಕಾಲ. ಬೇಸಿಗೆ ರಜೆಯ ವಾರಗಳಿಗೆ ನಮ್ಮ ಶಾಖೆಯಲ್ಲಿ ಈ ವರ್ಷ ಬೇರೆ ಯಾರದೂ ಅರ್ಜಿ ಇಲ್ಲವೆಂದು ಖಚಿತವಾದ ಮೇಲೆ ನನ್ನದನ್ನು ಕೊಡುತ್ತೇನೆ.