ಕಂಬ ನೋಡಿ ಧ್ವಜ ತನ್ನಿ

ಅಂಗಡಿಗೆ ಹೋಗುವ ಮೊದಲು ಕಂಬ ಅಳೆದುಕೊಳ್ಳಿ. ಆಗಸ್ಟ್ ಬಂತೆಂದರೆ "ಸರ್, ಎಷ್ಟು ದೊಡ್ಡ ಝಂಡಾ ತರೋಣ?" ಅಂತ ಫೋನ್ ಮಾಡುವವರಿಗೆಲ್ಲ ನಾನು ಮೊದಲು ಹೇಳುವುದು ಇದನ್ನೇ. ನಾನು ಸೇಡಂ ತಾಲ್ಲೂಕಿನ ಒಂದು ಪ್ರೌಢಶಾಲೆಯ ಪಿ.ಟಿ. ಮಾಸ್ತರ. ಶಹಾಬಾದ್ ಫರಸಿಯ ಧ್ವಜಕಟ್ಟೆ ತೊಳೆಸುವುದರಿಂದ ಹಿಡಿದು ಸಂಜೆ ಧ್ವಜ ಮಡಚಿ ಇಡುವವರೆಗೆ ಎಲ್ಲ ನನ್ನ ಪಾಲಿನ ಕೆಲಸ. ನಮ್ಮ ಭಾಗದಲ್ಲಿ ಜನವರಿ 26, ಆಗಸ್ಟ್ 15 ಆದಮೇಲೆ ಸೆಪ್ಟೆಂಬರ್ 17ಕ್ಕೂ ಧ್ವಜ ಏರಿಸುತ್ತೇವೆ. 1948ರಲ್ಲಿ ನಿಜಾಮರ ಆಳ್ವಿಕೆ ಮುಗಿದ ನೆನಪಿನ ದಿನ ಅದು. ಈಗ ಕಲ್ಯಾಣ ಕರ್ನಾಟಕ ಉತ್ಸವ ದಿನ ಅನ್ನುತ್ತೇವೆ.

ಧ್ವಜದ ಉದ್ದ ಕಂಬದ ಎತ್ತರದ ಕಾಲು ಭಾಗಕ್ಕಿಂತ ಕಡಿಮೆ ಬೇಡ, ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಬೇಡ. ಇದು ಕಾನೂನಲ್ಲ, ರೂಢಿಯ ಲೆಕ್ಕ. ಕಾನೂನು ಹೇಳುವುದು ಬೇರೆ: ಉದ್ದ ಮತ್ತು ಅಗಲ 3:2 ಇರಬೇಕು. 2002ರ ಧ್ವಜ ಸಂಹಿತೆಯಲ್ಲಿ 150×100 ಮಿ.ಮೀ.ನಿಂದ 6300×4200 ಮಿ.ಮೀ.ವರೆಗೆ 9 ಅಳತೆಗಳಿವೆ. ನಮಗೆ ಬೇಕಾಗುವುದು ಮೂರೇ. 20 ಅಡಿ ಕಂಬಕ್ಕೆ 1800×1200, ಅಂದರೆ ಹತ್ತಿರ ಹತ್ತಿರ 6×4 ಅಡಿ. 15 ಅಡಿ ಕಂಬಕ್ಕೆ 1350×900. ಮನೆ ಮಾಳಿಗೆಯ ಮೇಲೆ ನಿಲ್ಲಿಸುವ 10 ಅಡಿ ಪೈಪಿಗೆ 900×600. ಚಿಕ್ಕ 150×100 ಮೇಜಿನ ಮೇಲಿಡಲು. 225×150 ಕಾರಿಗೆ, ಆದರೆ ಕಾರಿನ ಮೇಲೆ ಹಾರಿಸುವ ಹಕ್ಕು ರಾಷ್ಟ್ರಪತಿ, ರಾಜ್ಯಪಾಲರು, ಮಂತ್ರಿಗಳಂಥ ಕೆಲವರಿಗೆ ಮಾತ್ರ. ನಮ್ಮ ಗಾಡಿಗೆ ಬೇಡ.

ದೊಡ್ಡದಿದ್ದರೆ ಚಂದ ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ಗಾಳಿ ನಿಂತಾಗ ನೋಡಿ. 6×4 ಅಡಿ ಧ್ವಜ ಜೋತುಬಿದ್ದರೆ ಅದರ ಕೆಳತುದಿ ಕಂಬದ ನೆತ್ತಿಯಿಂದ 7 ಅಡಿ ಕೆಳಗೆ ಬರುತ್ತದೆ. 10 ಅಡಿ ಪೈಪಿಗೆ ಅದನ್ನು ಕಟ್ಟಿದರೆ ಉಳಿಯುವುದು 3 ಅಡಿ. ಅಷ್ಟರಲ್ಲಿ ಮಾಳಿಗೆಯ ಪ್ಯಾರಾಪೆಟ್‌ಗೆ ಉಜ್ಜುತ್ತದೆ, ಡಿಶ್ ಆಂಟೆನಾಕ್ಕೆ ಸಿಕ್ಕಿಕೊಳ್ಳುತ್ತದೆ. ಗಾಳಿ ಎದ್ದಾಗ ಪೈಪೇ ಬಾಗುತ್ತದೆ. ಚಿಕ್ಕದಾದರೂ ಬಿಡುಬೀಸಾಗಿ ಹಾರುವ ಧ್ವಜವೇ ಮೇಲು.

ಕೊಳ್ಳುವಾಗ ಟೇಪ್ ಜೊತೆಗಿರಲಿ, ನಾಚಿಕೆ ಬೇಡ. ಉದ್ದ ಅಗಲದ ಒಂದೂವರೆ ಪಟ್ಟು ಇದೆಯಾ ನೋಡಿ. ಮೂರೂ ಪಟ್ಟಿ ಒಂದೇ ಅಗಲ ಇರಬೇಕು. ಚಕ್ರ ಬಿಳಿ ಪಟ್ಟಿಯ ನಟ್ಟನಡುವೆ, ಎರಡೂ ಬದಿಗೆ ಕಾಣಬೇಕು. ಕಡ್ಡಿ ಎಣಿಸಿ, 24 ಇರಬೇಕು. 900×600 ಧ್ವಜದಲ್ಲಿ ಚಕ್ರದ ವ್ಯಾಸ 185 ಮಿ.ಮೀ. ತಪ್ಪಿದ್ದರೆ ವಾಪಸ್ ಕೊಡಿ. 2021ರ ಕೊನೆಯಲ್ಲಿ ಆದ ತಿದ್ದುಪಡಿಯಿಂದ ಪಾಲಿಯೆಸ್ಟರ್, ಯಂತ್ರದಲ್ಲಿ ಮಾಡಿದ ಧ್ವಜಗಳಿಗೂ ಒಪ್ಪಿಗೆ ಇದೆ. ಮಳೆಗೆ ಪಾಲಿಯೆಸ್ಟರ್ ಬೇಗ ಒಣಗುತ್ತದೆ, ನಿಜ. ಆದರೂ ನನ್ನ ಮನಸ್ಸು ಖಾದಿಗೇ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿ ಧ್ವಜ ಹೊಲಿಯುವ ಕೈಗಳು ನಮ್ಮ ನಾಡಿನವರದ್ದೇ ಅಲ್ವಾ? ಪ್ಲಾಸ್ಟಿಕ್ ಮಾತ್ರ ಮುಟ್ಟಬೇಡಿ.

ಹಿಂದಿನ ದಿನವೇ ಹಗ್ಗ, ರಾಟೆ ಎಳೆದು ನೋಡಿ. ಪೈಪಿಗೆ ತುಕ್ಕು ಹಿಡಿದಿದ್ದರೆ ಉಜ್ಜಿ ಬಣ್ಣ ಹೊಡೆಯಿರಿ, ಅರಿವೆಗೆ ಹತ್ತಿದ ತುಕ್ಕಿನ ಕಲೆ ಹೋಗುವುದೇ ಇಲ್ಲ. ಕೇಸರಿ ಮೇಲೆ. ಏರಿಸುವಾಗ ಚುರುಕಾಗಿ, ಇಳಿಸುವಾಗ ನಿಧಾನ. 2022ರಿಂದ ಮನೆಯ ಮೇಲೆ ರಾತ್ರಿಯೂ ಹಾರಿಸಬಹುದು. ಆದರೆ ಕಲಬುರಗಿಯ ಬಿಸಿಲಲ್ಲಿ ತಿಂಗಳುಗಟ್ಟಲೆ ಬಿಟ್ಟರೆ ಕೇಸರಿ ಬೆಳ್ಳಗಾಗುತ್ತದೆ, ಹಾರುವ ಅಂಚು ಎಳೆಎಳೆ ಬಿಡುತ್ತದೆ. ಹರಿದ, ಮಾಸಿದ ಧ್ವಜ ಹಾರಿಸುವಂತಿಲ್ಲ. ಇಳಿಸಿ, ಜೋಪಾನ ಮಾಡಿ. ಅಂಚಿನ ಹೊಲಿಗೆ ಬಿಚ್ಚಿದ ಕೂಡಲೇ ಅದೇ ಬಣ್ಣದ ದಾರದಿಂದ ಹಾಕಿಬಿಟ್ಟರೆ ಹರಿಯುವುದು ಅಲ್ಲಿಗೇ ನಿಲ್ಲುತ್ತದೆ.

ಸೆಪ್ಟೆಂಬರ್ ನಮ್ಮಲ್ಲಿ ಜೋರು ಮಳೆಯ ತಿಂಗಳು. ಧ್ವಜ ತೊಯ್ದರೆ ಹಿಂಡಬೇಡಿ, ಒದ್ದೆಯಾಗಿ ಮಡಚಲೂಬೇಡಿ. ಮಡಚಿದರೆ ಕೇಸರಿ, ಹಸಿರು ಬಣ್ಣ ಬಿಳಿಗೆ ಹತ್ತುತ್ತದೆ, ಬೂಸ್ಟು ಬರುತ್ತದೆ. ನಾನು ಕೋಣೆಯೊಳಗೆ ಎರಡು ಬೆಂಚು ಕೂಡಿಸಿ, ತೊಳೆದ ಬಿಳಿ ಚಾದರ ಹಾಸಿ, ಅದರ ಮೇಲೆ ಪೂರ್ತಿ ಹರವಿ ಫ್ಯಾನ್ ಹಾಕುತ್ತೇನೆ. ಒಂದು ಬದಿ ಒಣಗಿದ ಮೇಲೆ ಇಬ್ಬರು ಹಿಡಿದು ಮಗ್ಗುಲು ಬದಲಿಸುತ್ತೇವೆ. ನೆಲಕ್ಕೆ ತಾಗಬಾರದು. ಕೆಂಧೂಳು, ಕರಿಧೂಳು ಹಿಡಿದಿದ್ದರೆ ತಣ್ಣೀರು, ಮೆತ್ತನೆ ಸೋಪು, ಬೇರೆ ಬಟ್ಟೆ ಕೂಡಿಸದೆ ಅದೊಂದನ್ನೇ ತೊಳೆದು ನೆರಳಲ್ಲಿ ಒಣಗಿಸಿ.

ಮಡಚುವುದು ಹೀಗೆ. ಅಡ್ಡ ಹರವಿ. ಕೇಸರಿ, ಹಸಿರು ಎರಡನ್ನೂ ಬಿಳಿ ಪಟ್ಟಿಯ ಅಡಿಗೆ ಮಡಚಿ. ಆಮೇಲೆ ಎರಡೂ ಕಡೆಯಿಂದ ಒಳಗೆ ಮಡಚುತ್ತ ಬನ್ನಿ, ಮೇಲೆ ಚಕ್ರ ಮತ್ತು ಸ್ವಲ್ಪ ಕೇಸರಿ, ಹಸಿರು ಕಾಣುವಂತೆ. ಎರಡೂ ಅಂಗೈ ಮೇಲೆ ಹೊತ್ತು ಒಯ್ಯಿರಿ. ಪೆಟ್ಟಿಗೆಯಲ್ಲಿ ಬಿಳಿ ಅರಿವೆಯಲ್ಲಿ ಸುತ್ತಿಡಿ, ಸುತ್ತಲೂ ಒಣಗಿದ ಬೇವಿನ ಎಲೆ ಹಾಕಿ. ಎಲೆ ಧ್ವಜಕ್ಕೆ ನೇರ ತಾಗದಿರಲಿ.

ಧ್ವಜ ಪೂರ್ತಿ ಹಳತಾದರೆ ಒರೆಸುವ ಬಟ್ಟೆ ಮಾಡುವಂತಿಲ್ಲ, ಹೊದೆಯುವಂತಿಲ್ಲ. ಇಡಿಯಾಗಿ, ಏಕಾಂತದಲ್ಲಿ, ಗೌರವದಿಂದ ನಾಶ ಮಾಡಬೇಕು, ಸುಡುವುದೇ ಮೇಲು ಅಂತ ನಿಯಮ. ಮಕ್ಕಳ ಕಾಗದದ ಧ್ವಜಗಳಿಗೂ ಇದೇ ಮರ್ಯಾದೆ. ಆಗಸ್ಟ್ 15ರ ಮಧ್ಯಾಹ್ನ ಪೇಡೆ ಹಂಚುವ ಮೊದಲು ನಮ್ಮ ಹುಡುಗರು ಮೈದಾನದಿಂದ ಬಸ್ ನಿಲ್ದಾಣದವರೆಗೆ ಹೋಗಿ ಬಿದ್ದಿದ್ದನ್ನೆಲ್ಲ ಆರಿಸಿ ತರುತ್ತಾರೆ. ನಿಮ್ಮ ಓಣಿಯಲ್ಲೂ ನಾಲ್ಕು ಮಕ್ಕಳಿಗೆ ಚೀಲ ಕೊಟ್ಟು ಕಳಿಸಿ.