ಕಡಲ ಬದಿಯ ಹೋಂಸ್ಟೇಗೆ ಗೂಗಲ್ ಜಾಹೀರಾತು: ದುಡ್ಡು ಸೋರುವುದು ಎಲ್ಲಿ?

ಮಲ್ಪೆ, ಕಾಪು, ಪಡುಬಿದ್ರಿ ಕಡೆಯ ಹೋಂಸ್ಟೇಗಳಿಗೆ ಸರ್ಚ್ ಜಾಹೀರಾತು ನಡೆಸುವಾಗ ಹೆಚ್ಚು ದುಡ್ಡು ನುಂಗುವ ಕೀವರ್ಡ್ (ಯಾವ ಹುಡುಕಾಟಕ್ಕೆ ಜಾಹೀರಾತು ಕಾಣಬೇಕೆಂದು ನಾವು ಕೊಡುವ ಪದ) ‘ಉಡುಪಿ ಹೋಟೆಲ್’. ಬೆಂಗಳೂರಿನ ಜಯನಗರದಲ್ಲಿ ಕೂತು ಅದನ್ನು ಹುಡುಕುವವರಿಗೆ ಬೇಕಿರುವುದು ಇಡ್ಲಿ-ವಡೆ. ಕೀವರ್ಡಿಗೆ ಹೇಗೋ ಸಂಬಂಧಪಟ್ಟ ಹುಡುಕಾಟಕ್ಕೆಲ್ಲ ಜಾಹೀರಾತು ತೋರಿಸುವ ‘ಬ್ರಾಡ್ ಮ್ಯಾಚ್’ ಹಾಕಿದ್ದರೆ ಅವರಿಗೂ ನಮ್ಮ ರೂಮಿನ ಜಾಹೀರಾತು ಕಾಣುತ್ತದೆ, ಕ್ಲಿಕ್ಕಾದರೆ ಕಾಸು ನಮ್ಮದು.

ಹಾಗಾಗಿ ಕ್ಯಾಂಪೇನನ್ನು ಮೊದಲೇ ಎರಡು ಮಾಡುತ್ತೇನೆ. ಒಂದು, ಬೆಂಗಳೂರು, ಮೈಸೂರು, ಹುಬ್ಬಳ್ಳಿಯಲ್ಲಿ ಕೂತು ಪ್ರವಾಸ ಗೊತ್ತುಮಾಡುವವರಿಗೆ. ಇನ್ನೊಂದು, ಮಲ್ಪೆಯ ಸುತ್ತ 15 ಕಿ.ಮೀ. ಒಳಗೆ ಆಗಲೇ ಬಂದಿಳಿದವರಿಗೆ. ಮಣಿಪಾಲದ ಆಸ್ಪತ್ರೆಗೆ ಬಂದ ರೋಗಿಗಳ ಕಡೆಯವರು, ಮಕ್ಕಳನ್ನು ಕಾಲೇಜಿಗೆ ಬಿಡಲು ಬಂದ ತಂದೆ-ತಾಯಿ ಸಿಗುವುದು ಈ ಎರಡನೆಯದರಲ್ಲಿ. ಎರಡರಲ್ಲೂ ಲೊಕೇಶನ್ ಆಪ್ಷನ್ ತೆರೆದು ‘ಪ್ರೆಸೆನ್ಸ್ ಆರ್ ಇಂಟರೆಸ್ಟ್’ ಇರುವಲ್ಲಿ ಬರೀ ‘ಪ್ರೆಸೆನ್ಸ್’ (ಆ ಜಾಗದಲ್ಲಿ ಇರುವವರು) ಆರಿಸಬೇಕು. ಇಲ್ಲವಾದರೆ ಉಡುಪಿಯ ಬಗ್ಗೆ ಎಲ್ಲೋ ಏನೋ ಓದಿದವರೂ ಲೆಕ್ಕಕ್ಕೆ ಬರುತ್ತಾರೆ. ಗೂಗಲ್ ಸರ್ಚಿನ ಹೊರಗೆ ಬೇರೆ ಸೈಟುಗಳಲ್ಲೂ ಜಾಹೀರಾತು ತೋರಿಸುವ ಸರ್ಚ್ ಪಾರ್ಟ್ನರ್ಸ್, ಡಿಸ್‌ಪ್ಲೇ ನೆಟ್‌ವರ್ಕ್ ಎರಡರ ಟಿಕ್ ತೆಗೆಯಿರಿ. ಗೂಗಲ್ ಕೊಡುವ ಸಲಹೆಗಳು ತಾವಾಗಿ ಜಾರಿಯಾಗುವ ‘ಆಟೋ ಅಪ್ಲೈ’ಯನ್ನೂ ಆಫ್ ಮಾಡಿ.

ಕೀವರ್ಡ್‌ಗಳೆಲ್ಲ ಫ್ರೇಸ್ (ಕೀವರ್ಡಿನ ಅರ್ಥ ಒಳಗೊಂಡ ಹುಡುಕಾಟ) ಅಥವಾ ಎಕ್ಸಾಕ್ಟ್ ಮ್ಯಾಚ್ (ಅದೇ ಅರ್ಥದ ಹುಡುಕಾಟ ಮಾತ್ರ): ‘ಮಲ್ಪೆ ಬೀಚ್ ಹೋಂಸ್ಟೇ’, ‘ರೂಮ್ ನಿಯರ್ ಮಣಿಪಾಲ್’ ಇಂಥವು. ಯಾವ ಪದ ಇದ್ದರೆ ಜಾಹೀರಾತು ಕಾಣಬಾರದೋ ಅವುಗಳ ನೆಗೆಟಿವ್ ಪಟ್ಟಿಗೆ ಮೊದಲ ದಿನವೇ ರೆಸ್ಟೋರೆಂಟ್, ಮೆನು, ರೆಸಿಪಿ, ಉಪಾಹಾರ, ಕೆಲಸ ಹುಡುಕುವವರ ‘ವೇಕೆನ್ಸಿ’, ಸಾಂಬಾರ್ ಸೇರಬೇಕು. ‘ಹೋಟೆಲ್’ ಮಾತ್ರ ಸೇರಿಸಬೇಡಿ, ತಂಗಲು ಬರುವವರೂ ಹೋಟೆಲ್ ಎಂದೇ ಟೈಪ್ ಮಾಡುತ್ತಾರೆ. ‘ನಿಯರ್ ಮಿ’ಯನ್ನು ಹೊರ ಊರಿನ ಕ್ಯಾಂಪೇನಿನಲ್ಲಿ ನೆಗೆಟಿವ್ ಮಾಡಿ, ಮಲ್ಪೆಯದ್ದರಲ್ಲಿ ಹಾಗೇ ಬಿಡಿ, ಅಲ್ಲಿ ಅದರಷ್ಟು ಬೆಲೆಬಾಳುವ ಹುಡುಕಾಟ ಬೇರೆ ಇಲ್ಲ. ನೆಗೆಟಿವ್ ಪದಗಳ ಕಾಗುಣಿತ ತಪ್ಪನ್ನು ಗೂಗಲ್ ಈಗ ತಾನೇ ಹಿಡಿಯುತ್ತದೆ. ಆದರೆ ಬಹುವಚನ, ಸಮಾನ ಪದಗಳನ್ನು ನಾವೇ ಬರೆಯಬೇಕು, ಕನ್ನಡ ಲಿಪಿಯಲ್ಲೊಮ್ಮೆ, ಇಂಗ್ಲಿಷ್ ಲಿಪಿಯಲ್ಲೊಮ್ಮೆ. ವಾರಕ್ಕೊಮ್ಮೆ ಸರ್ಚ್ ಟರ್ಮ್ಸ್ ರಿಪೋರ್ಟ್ (ಜನ ನಿಜಕ್ಕೂ ಟೈಪ್ ಮಾಡಿದ ಸಾಲುಗಳ ಪಟ್ಟಿ) ನೋಡಿ ಪಟ್ಟಿ ಬೆಳೆಸಿ. 2020ರಿಂದೀಚೆಗೆ ಕೆಲವೇ ಜನ ಹುಡುಕಿದ ಸಾಲುಗಳು ಅದರಲ್ಲಿ ಕಾಣುವುದಿಲ್ಲ. ಸಣ್ಣ ಖಾತೆಯಲ್ಲಿ ಬ್ರಾಡ್ ಮ್ಯಾಚ್ ಬೇಡ ಅನ್ನುವುದಕ್ಕೆ ಇದೂ ಒಂದು ಕಾರಣ.

ದಿನಕ್ಕೆ 300 ರೂಪಾಯಿ ಇಟ್ಟರೆ ಒಂದೊಂದು ದಿನ 600ರ ತನಕ ಹೋಗಬಹುದು, ಗಾಬರಿ ಬೇಡ. ತಿಂಗಳ ಮಿತಿ 30.4 ಪಟ್ಟು, ಅಂದರೆ 9,120. ಅದರ ಮೇಲೆ 18% ಜಿಎಸ್‌ಟಿ ಸೇರಿ ಸುಮಾರು 10,760. ಮಾಲೀಕರಿಗೆ ಈ ಕೊನೆಯ ಅಂಕಿಯನ್ನೇ ಮೊದಲು ಹೇಳಿಬಿಡುವುದು ಒಳ್ಳೆಯದು.

ಹೆಡ್‌ಲೈನಿಗೆ 30 ಅಕ್ಷರ, ವಿವರಣೆಗೆ 90. ಕನ್ನಡದಲ್ಲಿ ಬರೆಯುವಾಗ ಒತ್ತು, ಕೊಂಬು, ದೀರ್ಘ ಎಲ್ಲವೂ ಬೇರೆ ಬೇರೆ ಎಣಿಕೆ. ‘ಮಲ್ಪೆ ಬೀಚ್ ಹತ್ತಿರ ಎಸಿ ರೂಮು’ ನೋಡಲು ಪುಟ್ಟದು, ಎಣಿಸಿದರೆ 26. ದರ ಎಷ್ಟರಿಂದ ಶುರು ಎಂಬುದನ್ನು ಒಂದು ಹೆಡ್‌ಲೈನಿನಲ್ಲಿ ಹಾಕಲೇಬೇಕು. ಅಗ್ಗದ ಲಾಡ್ಜ್ ಹುಡುಕುವವರು ಕ್ಲಿಕ್ ಮಾಡದೆ ಮುಂದೆ ಹೋಗುತ್ತಾರೆ, ಅದು ಉಳಿತಾಯ.

2024ರಲ್ಲಿ ಗೂಗಲ್ಲಿನ ಎಐ ಓವರ್‌ವ್ಯೂ, ಅಂದರೆ ಹುಡುಕಾಟದ ಪುಟದಲ್ಲೇ ಎಐ ಬರೆದು ಕೊಡುವ ಸಾರಾಂಶ, ಭಾರತಕ್ಕೂ ಬಂತು. ‘ಸೇಂಟ್ ಮೇರೀಸ್ ದ್ವೀಪಕ್ಕೆ ಬೋಟ್ ಎಷ್ಟು ಗಂಟೆಗೆ’ ಎಂಬಂಥ ಪ್ರಶ್ನೆಗೆ ಉತ್ತರ ಮೇಲೆಯೇ ಸಿಗುವಾಗ ನಮ್ಮ ಸೈಟಿನ ಲೇಖನ ತೆರೆಯುವವರು ಕಡಿಮೆ. ಮಾಹಿತಿ ಹುಡುಕುವವರ ಮೇಲೆ ಈಗ ನಾನು ಒಂದು ರೂಪಾಯಿಯನ್ನೂ ಹಾಕುವುದಿಲ್ಲ. ಆ ಶ್ರಮವನ್ನು ಗೂಗಲ್ ಮ್ಯಾಪಿನಲ್ಲಿ ಕಾಣುವ ಬಿಸಿನೆಸ್ ಪ್ರೊಫೈಲಿಗೆ ಹಾಕಬೇಕು: ಹೊಸ ಫೋಟೊ, ಚೆಕ್‌ಇನ್ ಸಮಯ, ಪ್ರತಿ ರಿವ್ಯೂಗೂ ಉತ್ತರ. ಇನ್‌ಸ್ಟಾಗ್ರಾಂ ರೀಲ್ಸ್ ಊರಿನ ಆಸೆ ಹುಟ್ಟಿಸಲು ಚೆನ್ನ. ಆದರೆ ‘ಬೂಸ್ಟ್’ ಬಟನ್ ಒತ್ತುವ ಬದಲು ಮೆಟಾದ ಆಡ್ಸ್ ಮ್ಯಾನೇಜರಿನಲ್ಲಿ, ಒತ್ತಿದರೆ ವಾಟ್ಸಾಪ್ ಚಾಟ್ ತೆರೆಯುವ ಜಾಹೀರಾತು ಮಾಡಿ.

ಅಳತೆ ಕ್ಲಿಕ್ಕಿನಲ್ಲಲ್ಲ, ವಿಚಾರಣೆಯಲ್ಲಿ. ವಾಟ್ಸಾಪ್ ಲಿಂಕಿನಲ್ಲಿ ಮೊದಲೇ ತುಂಬಿದ ಸಂದೇಶ ಇಡಿ: ಒಂದು ಕ್ಯಾಂಪೇನಿಗೆ ‘ರೂಮು ಬೇಕಿತ್ತು’, ಇನ್ನೊಂದಕ್ಕೆ ‘ರೂಮು ಖಾಲಿ ಇದೆಯಾ’. ಯಾವುದು ಎಲ್ಲಿಂದ ಬಂತೆಂದು ಮಾಲೀಕರಿಗೆ ಫೋನಿನಲ್ಲೇ ಗೊತ್ತಾಗುತ್ತದೆ. ಕಾಲ್ ಬಟನ್ ಮಾತ್ರ ಫೋನೆತ್ತುವ ಜನ ಇರುವ ಹೊತ್ತಿಗಷ್ಟೇ ಕಾಣುವ ಹಾಗೆ ಶೆಡ್ಯೂಲ್ ಮಾಡಿ.

ಮಳೆಗಾಲದಲ್ಲಿ ಸೇಂಟ್ ಮೇರೀಸ್ ದ್ವೀಪದ ಬೋಟ್ ನಿಲ್ಲುತ್ತದೆ. ಜೂನ್ ಹತ್ತಿರವಾದಾಗ ‘ದ್ವೀಪ’ ಇರುವ ಹೆಡ್‌ಲೈನುಗಳನ್ನು ತೆಗೆದು ಹೊರ ಊರಿನ ಬಜೆಟ್ ಇಳಿಸಿ, ಮಣಿಪಾಲದ ಕೀವರ್ಡ್‌ಗಳಿಗೆ ಏರಿಸಿ. ಎರಡು ವರ್ಷಕ್ಕೊಮ್ಮೆ ಜನವರಿ 18ರಂದು ಉಡುಪಿ ಕೃಷ್ಣಮಠದಲ್ಲಿ ನಡೆಯುವ ಪರ್ಯಾಯ ಉತ್ಸವಕ್ಕೆ ರೂಮು ತಾನಾಗಿಯೇ ತುಂಬುತ್ತದೆ, ಆ ವಾರ ಜಾಹೀರಾತು ನಿಲ್ಲಿಸಿ.