ಮರೆತೆ, ಮರೆತುಹೋಯಿತು: ಒಂದು ಬೆಲ್ಜಿಯನ್ ಚಿತ್ರಕ್ಕೆ ಕನ್ನಡ ಸಬ್‌ಟೈಟಲ್ ಬರೆದ ನನ್ನ ಅನುಭವ

ಬೆಲ್ಜಿಯಂನ ಆಂಟ್ವರ್ಪ್‌ಗೆ ಬಂದು ಕೆಲವು ವರ್ಷಗಳಾಗಿ, ಸಂಜೆಯ ತರಗತಿಗಳಲ್ಲಿ ಡಚ್ ಕಲಿತು, ಅಂಗಡಿಯಲ್ಲೂ ಮಕ್ಕಳ ಶಾಲೆಯಲ್ಲೂ ಆ ಭಾಷೆಯಲ್ಲೇ ವ್ಯವಹರಿಸುವಷ್ಟು ರೂಢಿಯಾದ ಮೇಲೆ, ಇಲ್ಲಿನ ಕನ್ನಡದ ಗೆಳೆಯರಿಗೆ ಈ ಊರಿನದೇ ಒಂದು ಚಿತ್ರವನ್ನು ಕನ್ನಡ ಸಬ್‌ಟೈಟಲ್‌ನೊಂದಿಗೆ ತೋರಿಸಬೇಕೆಂಬ ಆಸೆ ನನ್ನಲ್ಲಿ ಹುಟ್ಟಿತು. ಊರಿನಿಂದ ಬಂದಿದ್ದ ಕೆಲವರ ತಂದೆ ತಾಯಂದಿರೂ ನೋಡುವವರಲ್ಲಿ ಇದ್ದರು. ಇಂಗ್ಲಿಷ್ ಸಬ್‌ಟೈಟಲ್ ಅವರಿಗೆ ಉಪಯೋಗಕ್ಕೆ ಬರುವಂತಿರಲಿಲ್ಲ.

ನಾನು ಆರಿಸಿಕೊಂಡದ್ದು ‘ಡೆ ಝಾಕ್ ಆಲ್ಜೈಮರ್’, ಅಂದರೆ ‘ಆಲ್ಜೈಮರ್ ಪ್ರಕರಣ’. ಯೆಫ್ ಗೇರಾರ್ಟ್ಸ್ ಅವರ 1985ರ ಕಾದಂಬರಿಯನ್ನು ಆಧರಿಸಿ ಎರಿಕ್ ವಾನ್ ಲೋಯ್ ನಿರ್ದೇಶಿಸಿದ ಈ ಚಿತ್ರ 2003ರಲ್ಲಿ ತೆರೆಗೆ ಬಂತು. 2022ರಲ್ಲಿ ಲಿಯಾಮ್ ನೀಸನ್ ನಟಿಸಿದ ಇಂಗ್ಲಿಷ್ ಚಿತ್ರವನ್ನು ನೋಡಿದವರಿಗೆ ಕಥೆಯ ಪರಿಚಯವಿರುತ್ತದೆ, ಏಕೆಂದರೆ ಅದು ಇದರ ಮರುನಿರ್ಮಾಣ. ಮೂಲದಲ್ಲಿ ಆಂಜೆಲೊ ಲೆಡ್ಡಾ ಎಂಬ ವಯಸ್ಸಾದ ಬಾಡಿಗೆ ಹಂತಕ ಕೆಲಸವೊಂದನ್ನು ಒಪ್ಪಿಕೊಂಡು ಮಾರ್ಸೇಯಿಂದ ಆಂಟ್ವರ್ಪ್‌ಗೆ ಬರುತ್ತಾನೆ. ಒಬ್ಬ ಬಾಲಕಿಯನ್ನು ಕೊಲ್ಲಬೇಕೆಂದಾಗ ಒಪ್ಪದೆ, ತನಗೆ ಕೆಲಸ ಕೊಟ್ಟವರ ಮೇಲೆಯೇ ತಿರುಗಿಬೀಳುತ್ತಾನೆ. ಅಷ್ಟರಲ್ಲಿ ಅವನ ನೆನಪು ಒಂದೊಂದಾಗಿ ಕಳಚಿಕೊಳ್ಳುತ್ತಿರುತ್ತದೆ. ಯಾನ್ ಡೆಕ್ಲೇರ್ ಲೆಡ್ಡಾನ ಪಾತ್ರದಲ್ಲಿದ್ದಾರೆ, ಕೂನ್ ಡೆ ಬೌ ಅವನ ಬೆನ್ನುಹತ್ತುವ ಪೊಲೀಸ್ ಅಧಿಕಾರಿ ವಿಂಕೆಯ ಪಾತ್ರದಲ್ಲಿ.

‘ಬಾಡಿಗೆ ಹಂತಕ’ ಎಂಬ ಪದಕ್ಕೆ ಬರುವ ಮೊದಲು ‘ಸುಪಾರಿ ಕೊಲೆಗಾರ’ ಎಂದು ಬರೆದಿದ್ದೆ. ಪತ್ರಿಕೆಗಳ ಮೂಲಕ ಎಲ್ಲರಿಗೂ ಪರಿಚಿತವಾದ ಮಾತು ಅದು. ಆದರೆ ಆ ಪದ ಪರದೆಯ ಮೇಲೆ ಕಾಣಿಸಿದ ಕೂಡಲೇ ಮುಂಬಯಿಯ ಗಲ್ಲಿಯೊಂದು ಕಣ್ಣ ಮುಂದೆ ಬರುತ್ತದೆ, ಆಂಟ್ವರ್ಪ್ ಮರೆಯಾಗುತ್ತದೆ. ಇದೇ ಕಾರಣಕ್ಕೆ ವಿಂಕೆಯ ದಳವನ್ನು ‘ಸಿಐಡಿ’ ಎಂದು ಕರೆಯುವ ಸುಲಭದ ದಾರಿಯನ್ನೂ ಬಿಟ್ಟೆ. ಕಥೆ ನಡೆಯುವುದು 1995ರ ಬೇಸಿಗೆಯಲ್ಲಿ. ಆಗ ಬೆಲ್ಜಿಯಂನಲ್ಲಿ ಅಪರಾಧಗಳ ತನಿಖೆ ನಡೆಸುವ ನ್ಯಾಯಾಂಗ ಪೊಲೀಸರು ಬೇರೆ, ‘ರೈಕ್ಸ್‌ವಾಖ್ಟ್’ ಎಂಬ ರಾಷ್ಟ್ರೀಯ ಪೊಲೀಸ್ ಪಡೆ ಬೇರೆ. ಇವರಿಬ್ಬರ ನಡುವಿನ ಪೈಪೋಟಿ ಚಿತ್ರದ ಒಳಗೂ ಇದೆ. ಅದರ ಮರುವರ್ಷ, 1996ರಲ್ಲಿ, ಬಾಲಕಿಯರನ್ನು ಅಪಹರಿಸಿ ಕೊಂದ ದ್ಯುತ್ರೂ ಎಂಬಾತನ ಅಪರಾಧಗಳು ಬಯಲಾದಾಗ ತನಿಖೆಯ ಲೋಪಗಳನ್ನು ಕಂಡು ದೇಶವೇ ಕೆರಳಿತು. ಆ ಅಕ್ಟೋಬರ್ 20ರಂದು ಬ್ರಸೆಲ್ಸ್‌ನಲ್ಲಿ ಸುಮಾರು ಮೂರು ಲಕ್ಷ ಜನ ಬಿಳಿ ಬಣ್ಣದ ಗುರುತುಗಳೊಂದಿಗೆ ಮೆರವಣಿಗೆ ನಡೆದರು. ಮುಂದೆ 2001ರಲ್ಲಿ ಆ ಪೊಲೀಸ್ ಪಡೆಗಳನ್ನು ಒಂದುಗೂಡಿಸಲಾಯಿತು. 2003ರಲ್ಲಿ ಈ ಚಿತ್ರವನ್ನು ನೋಡಿದ ಬೆಲ್ಜಿಯನ್ನರಿಗೆ ಇದನ್ನೆಲ್ಲ ಹೇಳಿಕೊಡಬೇಕಾಗಿರಲಿಲ್ಲ. ನಮ್ಮವರಿಗೆ ಸಬ್‌ಟೈಟಲ್‌ನಲ್ಲಿ ತುರುಕುವುದೂ ಆಗುವ ಮಾತಲ್ಲ. ಆದ್ದರಿಂದ ಚಿತ್ರ ಆರಂಭಿಸುವ ಮೊದಲು ಎರಡು ನಿಮಿಷ ಮಾತನಾಡಿ ಹೇಳಿದೆ. ಪರದೆಯ ಮೇಲೆ ‘ನ್ಯಾಯಾಂಗ ಪೊಲೀಸ್’ ಎಂದಷ್ಟೇ ಬರೆದೆ.

ಕೆಲಸದ ಯಾಂತ್ರಿಕ ಭಾಗದಲ್ಲಿ ಎರಡು ತೊಡಕುಗಳು ಎದುರಾದವು. ಮೊದಲನೆಯದು ಅಕ್ಷರಗಳ ಎಣಿಕೆ. ಸಬ್‌ಟೈಟಲ್ ಬರೆಯುವ ತಂತ್ರಾಂಶವು ಒಂದು ಸೆಕೆಂಡಿಗೆ ಎಷ್ಟು ಅಕ್ಷರ ಓದಬೇಕಾಗುತ್ತದೆ ಎಂದು ಲೆಕ್ಕ ಹಾಕಿ, ಮಿತಿ ಮೀರಿದ ಸಾಲನ್ನು ಕೆಂಪಾಗಿಸುತ್ತದೆ. ನನ್ನ ಕಡತ ಮೊದಲ ದಿನವೇ ಮುಕ್ಕಾಲು ಪಾಲು ಕೆಂಪಾಯಿತು. ‘ಸ್ತ್ರೀ’ ಎಂಬುದು ಓದುವ ಕಣ್ಣಿಗೆ ಒಂದೇ ಅಕ್ಷರ. ತಂತ್ರಾಂಶಕ್ಕೆ ಸ, ತ, ರ, ಎರಡು ಹಲಂತ, ಒಂದು ದೀರ್ಘ ಸೇರಿ ಆರು. ಒತ್ತಕ್ಷರವಿರುವ ನಮ್ಮ ಲಿಪಿಗೆ ಆ ಎಣಿಕೆ ಹೊಂದುವುದಿಲ್ಲವೆಂದು ಅರಿವಾದ ಮೇಲೆ, ಪ್ರತಿ ಸಾಲನ್ನೂ ಗಟ್ಟಿಯಾಗಿ ಓದಿ, ಮಾತು ಮುಗಿಯುವುದರೊಳಗೆ ಓದು ಮುಗಿದರೆ ಸರಿ ಎಂಬ ಅಳತೆ ಇಟ್ಟುಕೊಂಡೆ.

ಎರಡನೆಯದು ಕಾಲದ ವ್ಯತ್ಯಾಸ. ನಾನು ಕೆಲಸ ಮಾಡಿದ್ದು ಸೆಕೆಂಡಿಗೆ 25 ಚೌಕಟ್ಟುಗಳಂತೆ ಓಡುವ ಡಿವಿಡಿಯ ಮೇಲೆ, ಪ್ರಾಯೋಗಿಕವಾಗಿ ತೋರಿಸಿದ್ದು 24ರ ಪ್ರತಿಯಲ್ಲಿ. ವ್ಯತ್ಯಾಸ ನೂರಕ್ಕೆ ನಾಲ್ಕರಷ್ಟೇ ಆದರೂ ಎರಡು ಗಂಟೆಯ ಚಿತ್ರದ ಕೊನೆಗೆ ಅದು ಸುಮಾರು ಐದು ನಿಮಿಷವಾಗುತ್ತದೆ. ಆರಂಭದಲ್ಲಿ ಒಂದೆರಡು ಸೆಕೆಂಡಿನಷ್ಟೇ ಮುಂಚೆ ಬರುತ್ತಿದ್ದ ಸಾಲುಗಳು ಬರಬರುತ್ತಾ ಪಾತ್ರಗಳಿಗಿಂತ ಬಹಳ ಮುಂದೆ ಓಡತೊಡಗಿದವು. ಬೇರೆ ಚಿತ್ರವಾಗಿದ್ದರೆ ಅದು ಕಿರಿಕಿರಿ ಮಾತ್ರ. ಇಲ್ಲಿ ಲೆಡ್ಡಾ ಹುಡುಕಿ ಸೋಲಬೇಕಾದ ಪದವನ್ನು ನೋಡುಗರು ಅವನಿಗಿಂತ ಮೊದಲೇ ಓದಿಬಿಡುತ್ತಿದ್ದರು. ಪ್ರದರ್ಶನವನ್ನು ಅರ್ಧಕ್ಕೆ ನಿಲ್ಲಿಸಿ, ಕಾಲಸೂಚಿಗಳನ್ನೆಲ್ಲ ಹೊಸ ವೇಗಕ್ಕೆ ಹೊಂದಿಸಿ, ಇನ್ನೊಂದು ಭಾನುವಾರ ಕರೆಯಬೇಕಾಯಿತು.

ನಿಜವಾದ ಕೆಲಸವಿದ್ದದ್ದು ಮರೆವಿನ ಮಾತುಗಳಲ್ಲಿ. ಡಚ್ಚಿನಲ್ಲಿ ‘ವೆರ್ಗೇಟನ್’, ಅಂದರೆ ಮರೆಯುವುದು ಎಂಬ ಕ್ರಿಯಾಪದಕ್ಕೆ ಎರಡು ಬಗೆಯ ಸಹಾಯಕ ಕ್ರಿಯಾಪದಗಳು ಹತ್ತುತ್ತವೆ. ಬೀಗದ ಕೈಯನ್ನು ಮನೆಯಲ್ಲೇ ಬಿಟ್ಟು ಬಂದರೆ ಒಂದು, ಒಬ್ಬರ ಹೆಸರು ತಲೆಯಿಂದಲೇ ಅಳಿಸಿಹೋಗಿದ್ದರೆ ಇನ್ನೊಂದು. ತರಗತಿಯಲ್ಲಿ ಇದನ್ನು ವ್ಯಾಕರಣದ ಸಣ್ಣ ನಿಯಮವಾಗಿ ಕಲಿತಿದ್ದೆ. ಸಬ್‌ಟೈಟಲ್ ಬರೆಯಲು ಕುಳಿತಾಗ, ಕನ್ನಡವು ಇದೇ ಭೇದವನ್ನು ಇನ್ನೂ ಆಳವಾಗಿ ಬಲ್ಲದು ಎಂಬುದು ಹೊಳೆಯಿತು. ‘ನಾನು ಮರೆತೆ’ ಎನ್ನುವಾಗ ಮರೆತವನು ನಾನು, ತಪ್ಪು ನನ್ನದು. ‘ನನಗೆ ಮರೆತುಹೋಯಿತು’ ಎನ್ನುವಾಗ ಮರೆವು ಎಂಬುದೊಂದು ತಾನಾಗಿಯೇ ಬಂದು ನನ್ನ ಮೇಲೆ ಎರಗಿದೆ, ನಾನು ಚತುರ್ಥಿ ವಿಭಕ್ತಿಯಲ್ಲಿ ಸುಮ್ಮನೆ ನಿಂತಿದ್ದೇನೆ. ಹಾಗಾಗಿ ಒಂದು ನಿಯಮ ಹಾಕಿಕೊಂಡೆ. ಚಿತ್ರದ ಮೊದಲ ಭಾಗದಲ್ಲಿ, ತನ್ನ ಮೇಲೆ ತನಗಿನ್ನೂ ಹಿಡಿತವಿದೆ ಎಂದು ಲೆಡ್ಡಾ ನಂಬಿರುವಷ್ಟು ಹೊತ್ತು, ಅವನ ಬಾಯಲ್ಲಿ ‘ಮರೆತೆ’ ಎಂದೇ ಬರೆದೆ. ರೋಗ ಬಲಿತ ಮೇಲೆ ‘ಮರೆತುಹೋಯಿತು’, ‘ನೆನಪಿಗೆ ಬರುತ್ತಿಲ್ಲ’ ಎಂಬಲ್ಲಿಗೆ ಸರಿದೆ. ಕೊನೆಯ ಭಾಗದಲ್ಲಿ ‘ನನಗೆ’ ಎಂಬುದನ್ನೂ ಬಿಟ್ಟೆ. ‘ಅರಳುಮರಳು’ ಎಂಬ ಪದವನ್ನು ಮಾತ್ರ ಎಲ್ಲಿಯೂ ಬಳಸಲಿಲ್ಲ. ಅರವತ್ತಾದವರನ್ನೆಲ್ಲ ಹಗುರವಾಗಿ ನೋಡುವ ಮಾತು ಅದು, ಆಲ್ಜೈಮರ್ ಮೆದುಳಿನ ರೋಗ.

ಲೆಡ್ಡಾ ಮರೆಯಬಾರದ ಸಂಗತಿಗಳನ್ನು ತನ್ನ ತೋಳಿನ ಮೇಲೆ ಬರೆದುಕೊಳ್ಳುತ್ತಾನೆ. ಆ ಬರಹವನ್ನು ನಾನು ಮೊದಲು ಅಚ್ಚುಕಟ್ಟಾದ ವಾಕ್ಯಗಳಲ್ಲಿ ಅನುವಾದಿಸಿದೆ, ಆದರೆ ಅದು ನಂಬುವಂತೆ ಕಾಣಲಿಲ್ಲ. ಒಂದು ರಾತ್ರಿ ಬಾಲ್‌ಪೆನ್ ತೆಗೆದುಕೊಂಡು ನನ್ನ ಎಡಗೈಯ ಮೇಲೆಯೇ ಕನ್ನಡದಲ್ಲಿ ಬರೆದು ನೋಡಿದೆ. ಮಣಿಕಟ್ಟಿನಿಂದ ಮೊಣಕೈವರೆಗೆ ನಾಲ್ಕು ಪದಗಳಿಗಿಂತ ಹೆಚ್ಚು ಹಿಡಿಯಲಿಲ್ಲ. ಒತ್ತಕ್ಷರಗಳ ಬಳಿ ಚರ್ಮ ಎಳೆದು ಗೆರೆ ವಕ್ರವಾಯಿತು, ಬೆಳಗಾಗುವುದರೊಳಗೆ ಕ್ರಿಯಾಪದದ ಕೊನೆ ಬೆವರಿಗೆ ಅಳಿಸಿಹೋಗಿತ್ತು, ಹೆಸರು ಉಳಿದಿತ್ತು. ಮರುದಿನ ತೋಳಿನ ಬರಹದಿಂದ ಕ್ರಿಯಾಪದಗಳನ್ನೆಲ್ಲ ತೆಗೆದುಹಾಕಿ, ಹೆಸರು ಮತ್ತು ವಸ್ತುಗಳನ್ನಷ್ಟೇ ಉಳಿಸಿದೆ.

ಸಂಬೋಧನೆಯ ವಿಷಯ ಬಹಳ ದಿನ ಹಿಡಿಯಿತು. ಫ್ಲೆಮಿಶ್, ಅಂದರೆ ಬೆಲ್ಜಿಯಂನ ಡಚ್ ಆಡುಮಾತಿನ ‘ಖೆಯ್’ ಎಂಬ ಸರ್ವನಾಮ ಗೆಳೆಯನಿಗೂ ಸಲ್ಲುತ್ತದೆ, ಅಪರಿಚಿತ ಹಿರಿಯನಿಗೂ ಸಲ್ಲುತ್ತದೆ, ಕನ್ನಡದಲ್ಲಿ ಅಂತಹ ಆಸರೆ ಇಲ್ಲ. ವಿಂಕೆ ಮತ್ತು ಅವನ ಜೊತೆಗಾರ ವೆರ್‌ಸ್ಟುಯ್ಫ್ಟ್ ನಡುವೆ ‘ನೀನು’ ಸಹಜವಾಗಿ ಬಂತು. ವಿಂಕೆ ಲೆಡ್ಡಾನನ್ನು ಕೊನೆಯವರೆಗೂ ‘ನೀವು’ ಎನ್ನುತ್ತಾನೆ. ಪೊಲೀಸರು ಆರೋಪಿಯನ್ನು ಬಹುವಚನದಲ್ಲಿ ಕರೆಯುತ್ತಾರೆಯೇ ಎಂದು ಗೆಳೆಯರೊಬ್ಬರು ಆಕ್ಷೇಪಿಸಿದರು. ಡೆ ಬೌ ಆ ವೃದ್ಧನ ಮುಂದೆ ನಿಲ್ಲುವ ರೀತಿಯಲ್ಲೇ ಗೌರವ ಬೆರೆತ ಎಚ್ಚರವಿದೆ ಎಂಬುದು ನನ್ನ ಅಭಿಪ್ರಾಯ, ಅದನ್ನು ನಾನು ಬದಲಿಸಲಿಲ್ಲ. ಆರೈಕೆ ಕೇಂದ್ರದಲ್ಲಿ ಲೆಡ್ಡಾ ತನ್ನ ಒಡಹುಟ್ಟಿದವನನ್ನು ಕಾಣುವ ದೃಶ್ಯವೂ ಇಂತಹದೇ. ಅವನಿಗೂ ಇದೇ ರೋಗ, ಬಹಳ ಮುಂದುವರಿದಿದೆ. ‘ಬ್ರೂರ್’ ಎಂಬ ಡಚ್ ಪದ ಹಿರಿಯನೋ ಕಿರಿಯನೋ ಹೇಳುವುದಿಲ್ಲ. ನಾನು ಅವರ ಮುಖಗಳನ್ನು ನೋಡಿ ‘ಅಣ್ಣ’ ಎಂದು ಬರೆದೆ. ಹಾಗೆ ಬರೆದೊಡನೆ, ತಮ್ಮನೊಬ್ಬ ತನಗಿಂತ ಮುಂದೆ ಹೋದವನನ್ನು ನೋಡುತ್ತಿದ್ದಾನೆ ಎಂಬುದು ಕನ್ನಡದಲ್ಲಿ ಒಂದೇ ಪದಕ್ಕೆ ಬಂತು.

ಇಷ್ಟಾದರೂ ಪ್ರಾಯೋಗಿಕ ಪ್ರದರ್ಶನದಲ್ಲಿ ಒಂದು ದೊಡ್ಡ ಲೋಪ ಹೊರಬಿತ್ತು. ಗೆಳತಿಯೊಬ್ಬರ ತಾಯಿ, ತಮ್ಮ ಅತ್ತೆಯನ್ನು ಇದೇ ರೋಗದಲ್ಲಿ ವರ್ಷಗಟ್ಟಲೆ ನೋಡಿಕೊಂಡವರು, ಅಂದು ನೋಡಿದಷ್ಟಕ್ಕೇ ನನ್ನನ್ನು ಕರೆದು, “ಅವರ ಮುಖ ನೋಡಿದ್ರೆ ಮರೆವು ಗೊತ್ತಾಗುತ್ತೆ. ಆದ್ರೆ ಕೆಳಗೆ ಓದಿದ್ರೆ ಸರಿಯಾಗೇ ಮಾತಾಡ್ತಾರಲ್ಲಪ್ಪ” ಎಂದರು. ಮಾತು ನಿಜವಾಗಿತ್ತು. ಡೆಕ್ಲೇರ್ ತಡವರಿಸುವ ಕಡೆಗಳಲ್ಲೆಲ್ಲ, ಓದುಗರಿಗೆ ಅನುಕೂಲವಾಗಲೆಂದು, ನಾನು ವಾಕ್ಯವನ್ನು ಪೂರ್ತಿ ಮಾಡಿಬಿಟ್ಟಿದ್ದೆ. ಅವನು ಮರೆತದ್ದನ್ನು ನನ್ನ ಸಾಲು ನೆನಪಿಟ್ಟುಕೊಂಡಿತ್ತು. ಅವರ ಅತ್ತೆ ಪದ ಸಿಗದಾಗ ಹೇಗೆ ಮಾತನಾಡುತ್ತಿದ್ದರೆಂದು ಕೇಳಿದೆ. ಸುಮ್ಮನಾಗುತ್ತಿರಲಿಲ್ಲವಂತೆ, “ಅದು… ಅದೇ… ಏನೋ ಅಂತಾರಲ್ಲ ಅದು” ಎಂದು ಸುತ್ತುತ್ತಿದ್ದರಂತೆ.

ಆ ವಾರವೆಲ್ಲ ಕುಳಿತು ಲೆಡ್ಡಾನ ಸಾಲುಗಳನ್ನು ಮತ್ತೆ ಬರೆದೆ. ಅವನು ನಿಲ್ಲುವ ಕಡೆ ಸಾಲನ್ನೂ ನಿಲ್ಲಿಸಿ, ಅವನು ಮತ್ತೆ ಆರಂಭಿಸಿದಾಗಲೇ ಮುಂದಿನ ಸಾಲು ಬರುವಂತೆ ಸಮಯ ಹೊಂದಿಸಿದೆ. ಬಿಟ್ಟ ಜಾಗದಲ್ಲಿ ಚುಕ್ಕಿಗಳ ಬದಲು ‘ಅದು… ಅದೇ…’ ಎಂದು ಹಾಕಿದೆ. ಎರಡನೆಯ ಭಾನುವಾರ ಅವರು ಚಿತ್ರವನ್ನು ಕೊನೆಯವರೆಗೂ ನೋಡಿದರು. ಹೊರಡುವಾಗ ಒಂದು ತಿದ್ದುಪಡಿ ಹೇಳಿದರು. ವಸ್ತು ಕೈಯಲ್ಲೇ ಇದ್ದು ಹೆಸರು ಮಾತ್ರ ಮರೆತಾಗ ಅತ್ತೆ ಅದನ್ನು ‘ಅದು’ ಎನ್ನುತ್ತಿರಲಿಲ್ಲ, ಎತ್ತಿ ಹಿಡಿದು ‘ಇದು, ಇದು’ ಎನ್ನುತ್ತಿದ್ದರು ಎಂದರು. ಅಂದು ರಾತ್ರಿಯೇ ಕಡತವನ್ನು ತೆರೆದು, ಲೆಡ್ಡಾನ ಕೈಯಲ್ಲಿ ಏನಾದರೂ ಇರುವ ದೃಶ್ಯಗಳನ್ನು ಹುಡುಕಿ ‘ಇದು’ ಎಂದು ತಿದ್ದಿದೆ.